ಮುಚ್ಚಿದ ಗಾಡಿಯ ಕೊನೆಯ ಹಾಳೆಗಳು

ಆ ಪುಸ್ತಕಗಳ ಕೊನೆಯ ಹಾಳೆಗಳನ್ನು ಯಾರೂ ಹರಿದು ಹಾಳುಮಾಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ 'ಸರ್ಕಾರಿ ಶಾಲೆಯಲ್ಲಿ ಹರಿದ ಪುಸ್ತಕಗಳು' ಎಂದು ಬರೆದೆ. ಕನ್ನಡ ಕಲಿಸುವ ಸುಮಂಗಲಾ ಟೀಚರ್ ಸಂಪರ್ಕಕ್ಕೆ ಸಿಗಲಿಲ್ಲ ಎಂದೂ ಬರೆದೆ — ಅವರನ್ನು ಹುಡುಕುವ ಪ್ರಯತ್ನವನ್ನೇ ನಾನು ಮಾಡಿರಲಿಲ್ಲ.

ಆಗ ಆಂಧ್ರದ ಗಡಿಯೊಳಗಿನ ಆದವಾನಿಯಲ್ಲಿದ್ದುಕೊಂಡು ಒಂದು ಕನ್ನಡ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಆಸ್ಪರಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಇನ್ನೂ ಬಂದಿಲ್ಲ ಎಂದು ಯಾರೋ ಫೋನ್ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಬಂದುಬಿಟ್ಟಿದ್ದವು. ಸುದ್ದಿ ಸತ್ತಿತ್ತು. ಬರಿಗೈಯಲ್ಲಿ ಮರಳಲು ಮನಸ್ಸಾಗದೆ ಒಂಬತ್ತನೆಯ ತರಗತಿಗೆ ಇಣುಕಿದೆ. ಟೀಚರ್ ಆ ದಿನ ತರಬೇತಿಗೆಂದು ಆದವಾನಿಗೇ ಹೋಗಿದ್ದರು. ಮೂಲೆಯಲ್ಲಿ ಬೀಗವಿಲ್ಲದ ಕಪಾಟು. ಒಂದು ಕಾದಂಬರಿ ತೆಗೆದೆ, ಕೊನೆಯ ಹಾಳೆಗಳಿಲ್ಲ. ಇನ್ನೊಂದರಲ್ಲೂ ಇಲ್ಲ. ಮತ್ತೊಂದು — ಎಲ್ಲವೂ ಹಾಗೆಯೇ. ಫೋಟೊ ತೆಗೆದೆ. ಹಾಳೆಗಳನ್ನು ಬ್ಲೇಡಿನಿಂದ ಜೋಪಾನವಾಗಿ, ನೇರವಾಗಿ ಕತ್ತರಿಸಲಾಗಿತ್ತು. ಅದನ್ನು ಗಮನಿಸಿದೆ. ಗಮನಿಸಿ, ಬರೆಯದೆ ಬಿಟ್ಟೆ.

"ಹರದಿಲ್ರಿ ಸಾರ್, ಟೀಚರ್ ತಗದಿಟ್ಕೊಂಡಾರ," ಎಂದಳು ಮುಂದಿನ ಸಾಲಿನ ಹುಡುಗಿ. ಹೆಸರು ಈರಮ್ಮ, ಕುರಿ ಸಾಕುವವರ ಮನೆಯವಳು. "ಕಥಿ ಓದಬೇಕ್ರಿ. ಕಡೀಕ ಏನಾಗ್ತೈತಿ ಅಂತ ನಾವ ಯೋಚನಿ ಮಾಡಿ ಟೀಚರ್ ಹಂತ್ಯಾಕ ಹೋಗಿ ಹೇಳಬೇಕ್ರಿ. ತಪ್ಪೋ ಸರಿಯೋ, ಹೇಳಿದ್ರ ಸಾಕು, ಕಡೀ ಹಾಳಿ ಕೊಡ್ತಾರ."

ಆ ವಾರ ಇಡೀ ತರಗತಿ ಒಂದೇ ಕಾದಂಬರಿಯ ಹಿಂದೆ ಬಿದ್ದಿತ್ತಂತೆ. ರೈಲ್ವೆ ಗೇಟಿನ ಕಾವಲುಗಾರನೊಬ್ಬ. ದಿನಾ ಸಂಜೆ ಗೇಟು ದಾಟಿ ಹೋಗುವ, ಗೋಣಿತಟ್ಟು ಮುಚ್ಚಿದ ಒಂದು ಎತ್ತಿನ ಗಾಡಿ. ಅದರೊಳಗೆ ಏನಿದೆ? ನಾನು ಕೇಳಿದ್ದೇ ತಡ, ತರಗತಿಯಲ್ಲಿ ಗದ್ದಲವೆದ್ದಿತು.

"ಹತ್ತಿ ಐತ್ರಿ ಸಾರ್, ಕಳ್ಳ ಹತ್ತಿ! ಆದವಾನಿ ಮಿಲ್ಲಿಗೆ ಒಯ್ಯಾಕತ್ತಾನ," ಎಂದ ಒಬ್ಬ ಹುಡುಗ.

"ನಿಮ್ಮಪ್ಪ ಮಿಲ್ಲಿನಾಗ ಅದಾನಂತ ಎಲ್ಲಾ ಕಥ್ಯಾಗೂ ಹತ್ತಿನಾ ತುಂಬತೀಯಲ್ಲಲೇ!" ಎಂದಳು ಈರಮ್ಮ.

"ಹಂಗಾದ್ರ ಕುರಿ ಇಡಮ್ಮಾ, ನಿಮ್ಮ ಮನೀವು!"

ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ಗುಟ್ಟು ಹೇಳುವವಳಂತೆ ಅಂದಳು, "ಗಾಡಿ ಖಾಲಿ ಐತ್ರಿ. ಖಾಲಿ ಐತಂತ ಮಂದಿಗೆ ಗೊತ್ತಾಗಬಾರದಲ್ರಿ, ಅದಕ್ಕ ಮುಚ್ಚಿರ್ತಾನ. ನಾಳೆ ಟೀಚರಿಗೆ ಹೇಳಿ ಹಾಳಿ ಇಸ್ಕೊಂತೀನಿ."

ಮನೆಯಲ್ಲಿ ಪತ್ರಿಕೆಯನ್ನೂ ಕಾಣದ ಮಕ್ಕಳು. ಅಂಗಡಿಯ ಬೋರ್ಡಿನಿಂದ ಬಸ್ಸಿನ ಹಲಗೆಯವರೆಗೆ ಹೊರಗೆಲ್ಲ ತೆಲುಗು. ಅಂಥ ಮಕ್ಕಳು ಒಂದು ಕನ್ನಡ ಕಾದಂಬರಿಗಾಗಿ ಹೀಗೆ ಜಗಳವಾಡುತ್ತಿದ್ದಾರೆ ಎಂಬುದೇ ಸುದ್ದಿಯಾಗಿತ್ತು. ನನಗೆ ಅದು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ಆದರೆ ಹರಿದ ಪುಸ್ತಕದ ಫೋಟೊ ಒಳಪುಟದ ತಲೆಗೆ ಹೋಗುತ್ತದೆ, ಮಕ್ಕಳ ಜಗಳ ಮೂಲೆಗೆ — ಆ ಲೆಕ್ಕವೂ ನನಗೆ ಗೊತ್ತಿತ್ತು. ಈರಮ್ಮನ ಮಾತು ಸೇರಿಸಿದರೆ ಫೋಟೊ ಬಿದ್ದುಹೋಗುತ್ತದೆ. ಸೇರಿಸಲಿಲ್ಲ.

ಮರುದಿನ ಸುದ್ದಿ ಬಂತು, ಅದರ ಮರುದಿನ ತೆಲುಗು ಪತ್ರಿಕೆಗಳಲ್ಲೂ. ನಮ್ಮ ಸುದ್ದಿ ಬಂದ ದಿನವೇ ಇಲಾಖೆಯ ಮೇಲಿನವರು ಬಂದಿದ್ದರು. ಕಪಾಟು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಬೀಗ ಹಾಕಿಸಿಕೊಂಡಿತು. ವಿಚಾರಣೆ ಮುಗಿಯುವ ತನಕ ಮಕ್ಕಳ ಕೈಗೆ ಒಂದು ಹಾಳೆಯೂ ಹೋಗಬಾರದೆಂದು ಟೀಚರಿಗೆ ಹೇಳಿದರು. ಪುಸ್ತಕಗಳು ಶಾಲೆಯವಲ್ಲ, ಟೀಚರ್ ಬಳ್ಳಾರಿಗೆ ಹೋದಾಗಲೆಲ್ಲ ಚೀಲದಲ್ಲಿ ಹೊತ್ತು ತಂದ ಸ್ವಂತದವು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರನ್ನು ಪತ್ತಿಕೊಂಡ ಕಡೆಯ ಶಾಲೆಗೆ ವರ್ಗ ಮಾಡಿಯಾಗಿತ್ತು. ಎರಡು ಸಾಲಿನ ತಿದ್ದುಪಡಿ ಸಾಕಿತ್ತು. ಅದನ್ನೂ ನಾನು ಕಳಿಸಲಿಲ್ಲ.

ಊರು ಬಿಡುವ ಮೊದಲು ಟೀಚರ್ ಒಮ್ಮೆ ನನ್ನ ಕೋಣೆಗೆ ಬಂದಿದ್ದರು. ಬೈಯುತ್ತಾರೆಂದು ಕಾದೆ. ಕೂರಲೂ ಇಲ್ಲ.

"ಕಡೀ ಹಾಳಿ ಬೇಕಾದ ಹುಡುಗ್ರು ನನ್ನ ಹಂತ್ಯಾಕ ಬಂದು ಕೇಳತಾರ್ರಿ ಸಾರ್," ಎಂದರು. "ನೀವು ಬರಲಿಲ್ಲ."

ಅಷ್ಟೇ. ನಾನು ಏನೋ ಹೇಳಹೊರಟೆ... ಅವರು ಆಗಲೇ ಮೆಟ್ಟಿಲಿಳಿದಿದ್ದರು.

ಇಷ್ಟು ವರ್ಷ ಇದನ್ನು ಮರೆತಿದ್ದೆ ಎನ್ನಲಾರೆ. ಆದರೆ ನನ್ನನ್ನು ಕಾಡುತ್ತಿದ್ದದ್ದು ತಪ್ಪಿಗಿಂತ ಹೆಚ್ಚಾಗಿ — ಹೇಳಲು ನಾಚಿಕೆಯಾಗುತ್ತದೆ — ಆ ಗಾಡಿ. ಅದರಲ್ಲಿ ಏನಿತ್ತು? ಆದವಾನಿ ಸ್ಟೇಷನ್ನಿನ ಆಚೆ ಗೇಟು ಬಿದ್ದು ಆಟೊ ನಿಂತಾಗಲೆಲ್ಲ ಅದೇ ಪ್ರಶ್ನೆ.

ಕಳೆದ ತಿಂಗಳು ಆಸ್ಪರಿ ಹತ್ತಿರದ ಹಳ್ಳಿಯೊಂದರ ಅಂಗನವಾಡಿಗೆ ಸುದ್ದಿಗೆಂದು ಹೋದೆ. ಶಾಲೆ ಬಿಟ್ಟಿತ್ತು, ಹೈಸ್ಕೂಲಿನ ಹುಡುಗ ಹುಡುಗಿಯರು ಚೀಲ ಹೆಗಲಿಗೇರಿಸಿಕೊಂಡೇ ಬಾಗಿಲಲ್ಲಿ ಗುಂಪುಗೂಡಿದ್ದರು. ಒಳಗೆ ಟೀಚರಮ್ಮ ಕಥೆ ಹೇಳುತ್ತಿದ್ದಳು. ರೈಲ್ವೆ ಗೇಟು, ಸಂಜೆ, ಮುಚ್ಚಿದ ಗಾಡಿ.

"ಕಡೀಕ ಏನಾತಕ್ಕಾ?" ಎಂದಳೊಬ್ಬಳು.

"ನನಗೂ ಗೊತ್ತಿಲ್ಲವಾ. ನಮಗ ಕಡೀ ಹಾಳಿ ಸಿಗಲಿಲ್ಲ," ಎಂದಳು ಟೀಚರಮ್ಮ. ಅವಳು ಈರಮ್ಮ.

ಆಕೆ ನನ್ನ ಗುರುತು ಹಿಡಿಯಲಿಲ್ಲ. ನಾನೂ ಹೇಳಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕೇಳಿ, ಬರೆದುಕೊಂಡು, ಎದ್ದು ಬಂದೆ.

ಮೊನ್ನೆ ಪತ್ತಿಕೊಂಡದಲ್ಲಿ ಸುಮಂಗಲಾ ಟೀಚರ್ ಮನೆ ಹುಡುಕಿ ಹೋದೆ. ಮೇಲೆ ಬರೆದದ್ದನ್ನೆಲ್ಲ ಅವರೆದುರು ಹೇಳಿದೆ. ಈರಮ್ಮ ಎಲ್ಲ ಬಿಡಿಸಿ ಹೇಳಿದ್ದಳೆಂಬುದನ್ನೂ. ಅದು ಅವರಿಗೆ ಗೊತ್ತಿರಲಿಲ್ಲ.

"ನಾನು ತಿಳ್ಕೊಂಡಿದ್ದು, ನಿಮಗ ಯಾರೂ ಹೇಳಿರಲಿಕ್ಕಿಲ್ಲಂತ," ಎಂದರು.



ಅವರು ಒಳಗಿನಿಂದ ಒಂದು ಸಣ್ಣ ಪೊಟ್ಟಣ ತಂದರು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿತ್ತು. ಕೈ ಚಾಚಿದೆ. ಕೊಡಲಿಲ್ಲ.

"ಮೊದ್ಲ ಹೇಳ್ರಿ. ಗಾಡ್ಯಾಗ ಏನಿತ್ತು?"

"ಖಾಲಿ ಇತ್ತು," ಎಂದೆ.

"ಅದು ಈರಮ್ಮಂದು. ಪೇಪರ್ ಬಂದ ದಿನ ಓಡಿ ಬಂದು ಹೇಳಿದ್ಲು. ಕೈಯಾಗ ಹಾಳಿ ಇದ್ರೂ ಕೊಡಂಗಿರಲಿಲ್ಲ. ಆಮ್ಯಾಲೆ ಮತ್ತ ಕೇಳ್ತಾಳಂತ ಕಾದೆ. ಕೇಳಲಿಲ್ಲ. ನಾನಾಗೇ ಕಳಿಸಬೇಕಿತ್ತು... ಅದು ನನ್ನ ತಪ್ಪು." ಪೊಟ್ಟಣವನ್ನು ಕೈಬಿಡದೆ, "ನಿಮ್ದೇನು, ಅದನ್ನ ಹೇಳ್ರಿ," ಎಂದರು.

ಯೋಚಿಸಿದೆ. ಇಷ್ಟು ವರ್ಷ ಕುತೂಹಲಪಟ್ಟವನು ಒಮ್ಮೆಯೂ ಸ್ವಂತವಾಗಿ ಊಹಿಸಿರಲಿಲ್ಲ. ಯಾರಾದರೂ ಹೇಳಲಿ ಎಂದು ಕಾದಿದ್ದೆ. "ಗೊತ್ತಿಲ್ರಿ ಟೀಚರ್," ಎಂದೆ.

"ಹಂಗಾದ್ರ ಇದು ನಿಮಗಲ್ಲ," ಎಂದು ಸಣ್ಣಗೆ ನಕ್ಕರು. ಪೊಟ್ಟಣವನ್ನು ನನ್ನ ಕೈಗಿಟ್ಟರು. "ಈರಮ್ಮಗ ಮುಟ್ಟಸ್ರಿ. ದಾರ್ಯಾಗ ಬಿಚ್ಚಬ್ಯಾಡ್ರಿ ಮತ್ತ."

ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಸುತ್ತಿದ ಕಾಗದ ತೆಳ್ಳಗಿದೆ. ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರಗಳು ಕಂಡಾವು. ಹಿಡಿಯಲಿಲ್ಲ.

ನಾಳೆ ಆಸ್ಪರಿ ಬಸ್ಸು ಹತ್ತುತ್ತೇನೆ. ಮೊದಲು ನಾನು ಯಾರೆಂದು ಹೇಳಬೇಕು. ಅವಳ ಮಾತನ್ನು ಕೇಳಿಸಿಕೊಂಡೂ ಸುದ್ದಿಯಿಂದ ತೆಗೆದುಹಾಕಿದವನು ನಾನೇ ಎಂದು. ಆಮೇಲೆ ಪೊಟ್ಟಣ. ಅವಳು ನನ್ನ ಮುಂದೆಯೇ ಬಿಚ್ಚಿ ಗಟ್ಟಿಯಾಗಿ ಓದಿದರೆ ಕೇಳುತ್ತೇನೆ. ತೆಗೆದುಕೊಂಡು ಸುಮ್ಮನೆ ಒಳಗೆ ಹೋದರೆ, ಗಾಡಿಯಲ್ಲಿ ಏನಿತ್ತೆಂದು ಕೇಳುವುದಿಲ್ಲ.