ಮಾವನ ಗಾಡಿಯ ಇಂಜಿನ್

ಇವತ್ತು ನಿಪ್ಪಾಣಿಯ ಗ್ಯಾರೇಜಿನಲ್ಲಿ ಡೀಸೆಲ್, ಗ್ರೀಸ್ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪ ನೆನಪಾದ.

ಶಿರಗುಪ್ಪಿಯಲ್ಲಿ ನಮ್ಮ ಹೊಲದ ಪಿಕಪ್ ಇಂಜಿನ್ ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು. ಭೋಜದಲ್ಲಿದ್ದ ಸೋದರತ್ತೆಯ ಅಂಗಳದಲ್ಲಿ ಅಂಥದ್ದೇ ಇನ್ನೊಂದು ಗಾಡಿ ಇತ್ತು. ಅವಳ ಗಂಡ, ನಮ್ಮ ಮಾವ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಇಂಜಿನ್ ಒಯ್ಯಲು ಅತ್ತೆಯೇ ಹೇಳಿಕಳಿಸಿದ್ದಳು. ಆದರೆ ಬಾನೆಟ್ ಎತ್ತಿದ ಅಪ್ಪ, ಬೋಲ್ಟಿಗೆ ಹಚ್ಚಿದ ಪಾನಾ ಹಿಂದಕ್ಕೆ ತೆಗೆದ.

"ಬಿಚ್ಚಾಕ ಕೈ ಬರವಲ್ದು, ತಂಗಿ."

"ಇಲ್ಲೇ ನಿಂತ ತುಕ್ಕ ಹಿಡದ್ರ ಅವರಿಗೆ ಸೇರತಿತ್ತೇನಣ್ಣಾ? ತಾ ಇಲ್ಲೆ." ಅತ್ತೆ ಅವನ ಕೈಯಿಂದ ಪಾನಾ ಇಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಬೋಲ್ಟ್ ತಾನೇ ತಿರುವಿದಳು.

ಆ ಇಂಜಿನ್ ಕೂಡಿಸಿದ ನಮ್ಮ ಗಾಡಿಯಲ್ಲಿ ಅಪ್ಪ ನನ್ನನ್ನೂ ಕೂರಿಸಿಕೊಂಡು ಭೋಜಕ್ಕೆ ಹೋದ. ನಾವು ಓಣಿ ತಿರುಗುವಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದಳು.

"ಸಪ್ಪಳ ಕೇಳಿ, ಅವರ ಬಂದ್ರಂತ ಚಹಾಕ್ಕ ಇಟ್ಟಬಿಟ್ಟೆ ನೋಡಣ್ಣಾ," ಎಂದು ನಗಲು ಹೋಗಿ ಅತ್ತುಬಿಟ್ಟಳು.

ಅಪ್ಪ ಇಂಜಿನ್ ಬಂದ್ ಮಾಡಲು ಕೈ ಚಾಚಿದ.

"ಇರಲಿ. ಇನ್ನ ಸ್ವಲ್ಪ ಹೊತ್ತ ಹಂಗ ಇರಲಿ," ಎಂದಳು.

ಈಗ ಅಪ್ಪ, ಅತ್ತೆ ಇಬ್ಬರೂ ಇಲ್ಲ. "ನಿಮ್ಮ ಗಾಡಿ ಆತ್ರಿ ಅಕ್ಕಾರ," ಎಂದ ಮೆಕ್ಯಾನಿಕ್. ನನಗೆ ಕೂಡಲೇ ಏಳಲಾಗಲಿಲ್ಲ.