ಗಾಡಿ ಏರಸ್ಬೇಕೋ, ಇಳಸ್ಬೇಕೋ?

ಗೆಳತ್ಯಾರ, ಇವತ್ತ ಜತ್ತದ ಗ್ಯಾರೇಜಿನ್ಯಾಗ ನಾನೂ ನಮ್ಮತ್ತಿಯವ್ರೂ ಮಂದಿ ಮುಂದ ಜಗಳಾ ಆಡಿದ್ವಿ.

ನಮ್ಮ ತೋಟದ ಮನಿ ದಾರ್ಯಾಗ ಕಲ್ಲು ಭಾಳ. ಕಾರಿನ ತಳಾ ಬಡೀತೈತಂತ ಹೋದ ತಿಂಗಳ ಎತ್ತರದ ಸ್ಪ್ರಿಂಗ್ ಹಾಕಿಸಿ ಗಾಡಿ ಮ್ಯಾಲ ಎತ್ತಿಸಿದ್ದೆ. ಅವತ್ತಿಂದ ಅತ್ತಿಯವ್ರು ಎಲ್ಲಿಗೆ ಕರದ್ರೂ "ನೀ ಹೋಗಿ ಬಾ ಯವ್ವಾ" ಅನ್ನಾಕತ್ತಿದ್ರು. ನಿನ್ನೆ ಗುಡ್ಡಾಪುರದ ಗುಡಿಗೆ ಹೊಂಟಾಗ ಕಾರಿನ ಬಾಗಲಾ ಹಿಡದು, ಕಾಲ ಎತ್ತಾಕ ಆಗದ ಹಿಂದ ಸರದ್ರು. ನಡೀತಾರ, ಆದ್ರ ಎತ್ತರ ಹತ್ತಾಕ ಮೊಣಕಾಲ ಕೇಳೂದಿಲ್ಲ.

ಇವತ್ತ ಸ್ಟೂಲ್ ಇಟ್ಟು ಹತ್ತಿಸಿ ಗ್ಯಾರೇಜಿಗೆ ಕರಕೊಂಡ ಹೋದೆ. "ಹಳೀ ಸ್ಪ್ರಿಂಗ್ ತಿರುಗಿ ಹಾಕ್ರಿ" ಅಂತ ಮಿಸ್ತ್ರಿಗೆ ಹೇಳಿದೆ.

"ಹಾಕಬ್ಯಾಡ್ರಿ! ನನ್ನ ಸೊಸಿ ಒಬ್ಬಾಕಿನ ಓಡಾಡ್ತಾಳ. ಗಾಡಿ ಬಡದು ನಿಂತ್ರ ಹೆಂಗ?" ಅಂತ ಅತ್ತಿಯವ್ರು ಅಡ್ಡ ಬಂದ್ರು.

"ನೀವು ಕುಂದ್ರಲಾರದ ಗಾಡಿ ತುಗೊಂಡು ಏನ ಮಾಡ್ಲಿ?" ಅಂದೆ. ಧ್ವನಿ ಜರಾ ಏರಿತ್ತು, ಕಣ್ಣೂ ತುಂಬಿದ್ವು.

ಮಿಸ್ತ್ರಿ ನಟ್ ಬಿಚ್ಚೂ ಪಾನಾ ಕೆಳಗಿಟ್ಟು, "ಅಕ್ಕಾರ, ನೀವಿಬ್ರೂ ಒಂದ ಮಾತಿಗೆ ಬರ್ರಿ, ನಾ ಚಹಾ ಕುಡದ ಬರ್ತೀನಿ" ಅಂದಾ.

ಕಡೀಕ ಹಳೀ ಸ್ಪ್ರಿಂಗ್ ಹಾಕಿಸಿದೆ. ಅತ್ತಿಯವ್ರು ಯಾರ ಕೈನೂ ಹಿಡೀದ ಹತ್ತಿ ಕುಂತ್ರು. ತೋಟದ ದಾರ್ಯಾಗ ದೊಡ್ಡ ಕಲ್ಲ ಕಂಡ ಕೂಡ್ಲೆ "ನಿಲ್ಲಸು" ಅಂದು ಇಳದು, ಮುಂದ ನಿಂತು, "ಹಗೂರ, ಎಡಕ್ಕ ತಿರಗಸು" ಅಂತ ಕೈ ಮಾಡಾಕತ್ರು. ದಾಟಿದ ಮ್ಯಾಲ ನಗಕೋತ ಹತ್ತಿದ್ರು: "ಈಗ ಹತ್ತಾಕ ಇಳ್ಯಾಕ ಎಷ್ಟ ಚಲೋ ಆತ ನೋಡು."

ಮನೀತನಕಾ ಪ್ರತಿ ಕಲ್ಲಿಗೂ ಇಳದ್ರು. ನಡಕೋತ ಬಂದಿದ್ರ ಲಗೂನ ಮುಟ್ಟತಿದ್ವಿ.