ಬೆಳಿಗ್ಗೆ ಮುದುಕ, ಸಂಜೆ ಹುಡುಗ

ನನ್ನ ತಮ್ಮನ ಬೆನ್ನುನೋವನ್ನು ನಾನು ನಂಬಲಿಲ್ಲ. ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ನಮ್ಮದು ಬಣಕಲ್ ಹತ್ತಿರ ಸಣ್ಣ ಕಾಫಿ ತೋಟ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಲಸ ಮಾಡುವವನು ಬೆಳಿಗ್ಗೆ ಬೇಗ ಏಳುತ್ತಾನೆ, ನನಗೆ ಗೊತ್ತಿದ್ದದ್ದು ಅಷ್ಟೇ. ಕೊಯ್ಲಿನ ದಿನಗಳಲ್ಲಿ ರಾತ್ರಿ ಟಾರ್ಪಾಲು ಹೊದಿಸಿಟ್ಟ ಕಾಫಿಯನ್ನು ಬಿಸಿಲು ಬಿದ್ದ ಕೂಡಲೇ ಕಣದಲ್ಲಿ ಹರಡಬೇಕು. ಅದು ತಮ್ಮನ ಪಾಲಿನ ಕೆಲಸ. ಅವನು ಬಗ್ಗಲಾಗದೆ ಗೋಡೆ ಹಿಡಿದು ಬರುವಷ್ಟರಲ್ಲಿ ನಾನೇ ಹರಡಿ ಮುಗಿಸಿರುತ್ತಿದ್ದೆ. ಅದೇ ತಮ್ಮ ಸಂಜೆ ಶಾಲೆ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದ.

"ಬೆಳಿಗ್ಗೆ ಮುದುಕ, ಸಂಜೆ ಹುಡುಗ. ಎಂಥ ಕಾಯಿಲೆ ಮಾರಾಯ ಇದು?" ಎಂದು ಒಮ್ಮೆ ಆಳುಗಳ ಎದುರಿಗೇ ಕೇಳಿದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ಅವನು ವಾಲಿಬಾಲ್ ಬಿಟ್ಟ. ನೋವಿನ ಮಾತೂ ಬಿಟ್ಟ. ಮದುವೆಮನೆಗೆ ಕರೆದರೆ ಏನಾದರೂ ನೆಪ. ಬೆಳಿಗ್ಗೆ ಮಾತ್ರ ಸರಿಯಾಗಿ ಕಣಕ್ಕೆ ಬರುತ್ತಿದ್ದ. ದಾರಿಗೆ ಬಂದ ಎಂದು ನಾನು ಖುಷಿಪಟ್ಟೆ. ನಾವೆಲ್ಲ ಏಳುವ ಮೊದಲೇ ಎದ್ದು ಕೊಟ್ಟಿಗೆ ಹಿಂದೆ ನಡೆದಾಡಿ ಬೆನ್ನು ಸಡಿಲ ಮಾಡಿಕೊಳ್ಳುತ್ತಿದ್ದನಂತೆ. ಅದು ನನಗೆ ತಿಳಿದದ್ದು ತಡವಾಗಿ.

ಅವನ ಕಣ್ಣು ಕೆಂಪಾಗಿ ನೋಯಲು ಶುರುವಾದಾಗ ಮಂಗಳೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಬೆನ್ನುನೋವು ಇದೆಯಾ ಎಂದು ಕೇಳಿ, ಎರಡಕ್ಕೂ ಸಂಬಂಧ ಇರಬಹುದು ಎಂದು ಕೀಲುರೋಗದ ಡಾಕ್ಟರ ಹತ್ತಿರ ಕಳಿಸಿದರು.

"ನೋವು ಬೆಳಿಗ್ಗೆ ಜಾಸ್ತಿಯಾ? ಓಡಾಡಿದ್ರೆ ಕಡಿಮೆ ಆಗುತ್ತಾ?" ಎಂದು ಅವರು ಕೇಳಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಆದ ಮೇಲೆ, ಬೆನ್ನುಮೂಳೆಯ ಕೀಲುಗಳ ಉರಿಯೂತ, ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಯಾವುದನ್ನು ನೋಡಿ ನಾನು ಸುಳ್ಳು ಎಂದುಕೊಂಡಿದ್ದೆನೋ, ಅದರಿಂದಲೇ ಅವರು ಕಾಯಿಲೆಯನ್ನು ಗುರುತಿಸಿದ್ದರು.

ಹೊರಗೆ ಬಂದು ತಮ್ಮ ಅತ್ತ. ಹೆದರಬೇಡ ಎಂದೆ.

"ಹೆದ್ರಿಕೆ ಅಲ್ಲ ಅಣ್ಣ. ನಾನು ಸೋಮಾರಿನೇ ಇರ್ಬೇಕು ಅಂತ ನಂಗೂ ಅನ್ನಿಸ್ಬಿಟ್ಟಿತ್ತು. ಅಲ್ಲ ಅಂತ ಗೊತ್ತಾಯ್ತಲ್ಲ."

ಔಷಧಿ ತೆಗೆದುಕೊಂಡು ವಾಪಸು ಘಾಟಿ ಹತ್ತಿದೆವು.

ಈಗ ಔಷಧಿ ನಡೆಯುತ್ತಿದೆ. ಆದರೂ ತಡವಾಗಿ ಎದ್ದ ದಿನ ಮೊದಲು ನನ್ನ ಮುಖ ನೋಡುತ್ತಾನೆ. ಈ ಸಲದ ಕೊಯ್ಲಿನಲ್ಲೂ ಹಾಗೇ ಒಂದು ಬೆಳಿಗ್ಗೆ ಗೋಡೆ ಹಿಡಿದು ಬಂದವನು, ನಾನು ಕೇಳುವ ಮೊದಲೇ, "ನಿನ್ನೆ ಬೇಗ್ನೇ ಮಲಗಿದ್ದೆ ಅಣ್ಣ, ಆದ್ರೂ..." ಎಂದು ಶುರುಮಾಡಿದ. ಅಂದು ನಕ್ಕಿದ್ದ ಆಳುಗಳೇ ಕಣದಲ್ಲಿದ್ದರು. ಕಾಫಿ ಹರಡುವುದನ್ನು ನಿಲ್ಲಿಸಿ, ಅವರಿಗೂ ಕೇಳುವಂತೆ ಹೇಳಿದೆ:

"ನಂಗೆ ಕಾರಣ ಹೇಳ್ಬೇಡ ಮಾರಾಯ. ಅವತ್ತು ಇವ್ರ ಎದುರಿಗೇ ನಿನ್ನ ಆಡ್ಕೊಂಡೆ. ನಿಂಗೆ ನೋವಿತ್ತು, ನಾನು ನಂಬ್ಲಿಲ್ಲ. ನಂದು ತಪ್ಪಾಯ್ತು."